ಕಂಬ ಏರಿ ಕುಳಿತ ಗಂಡ

ತೋಟಕ್ಕೆ ರೂಟರ್ ಹಾಕಿಸಬೇಡ ಎಂದು ನನಗೆ ಯಾರಾದರೂ ಹೇಳಬೇಕಾಗಿತ್ತು. ಯಾರೂ ಹೇಳಲಿಲ್ಲ. (ಹೆಂಡತಿ ಹೇಳಿದ್ದಳು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.)

ಕುಷ್ಟಗಿಯ ಆಚೆ ನಮ್ಮದೊಂದು ದಾಳಿಂಬೆ ತೋಟ. ಸಂಜೆ ನಾನೂ ಹೆಂಡತಿ ರೇಣುಕಮ್ಮನೂ ಮೋಟರ್ ಸೈಕಲ್ ಮೇಲೆ ಹೋಗಿ, ನೀರು ಬಿಟ್ಟು, ಬದುವಿನ ಮೇಲೆ ಕುಳಿತು ರೊಟ್ಟಿ ತಿಂದು ಬರುತ್ತಿದ್ದೆವು. ನನ್ನ ಮೊಣಕಾಲು ಹಿಡಿದುಕೊಂಡ ಮೇಲೆ ತಲೆ ಓಡತೊಡಗಿತು. ಕೊಪ್ಪಳದ ಮೆಕ್ಯಾನಿಕ್ ಯಮನೂರಸಾಬನನ್ನು ಕರೆಸಿ, ಕಂಬ ನೆಡಿಸಿ, ಸಿಮ್ ಹಾಕುವ ಕಬ್ಬಿಣದ ರೂಟರ್, ಕ್ಯಾಮೆರಾ, ಮೈಕು, ಸ್ಪೀಕರು ಎಲ್ಲ ಕಟ್ಟಿಸಿದೆ.

"ಬಿಸಿಲು, ಮಳಿ, ಧೂಳು, ಯಾವುದಕ್ಕೂ ಜಗ್ಗಂಗಿಲ್ರಿ ಇದು. ಕಲ್ಲು ಬಿದ್ರೂ ನೆಟ್‌ವರ್ಕ್ ಬಿಡಂಗಿಲ್ಲ," ಎಂದ ಯಮನೂರಸಾಬ.

"ನಾವಽ ದಿನಾ ಬರ್ತೀವಲ್ರಿ, ಇದೆಲ್ಲಾ ಯಾಕ?" ಎಂದಳು ರೇಣುಕಮ್ಮ.

"ಇನ್ನ ಮ್ಯಾಲೆ ನಾ ಮನ್ಯಾಗಽ ಕುಂತು ಒಕ್ಕಲುತನ ಮಾಡ್ತೀನಿ."

ಮಾಡಿದೆ. ಪಂಪು ಮಂಚದಿಂದಲೇ ಚಾಲೂ ಆಗುತ್ತಿತ್ತು. ಆದರೆ ಕಳೆ ಕೀಳಲು ರೂಟರಿಗೆ ಕೈಯಿಲ್ಲವಲ್ಲ, ಅದಕ್ಕೆ ರೇಣುಕಮ್ಮ ಪಕ್ಕದ ಹೊಲದ ಇಮಾಮಬಾನುವಿನ ಟಂಟಂ ಆಟೋ ಹತ್ತಿ ಹೋಗುತ್ತಿದ್ದಳು. ನಾನು ದಿವ್ಯದೃಷ್ಟಿ ಪಡೆದವನಂತೆ ಮೊಬೈಲ್ ಹಿಡಿದು ಅಶರೀರವಾಣಿ ಹೊರಡಿಸುತ್ತಿದ್ದೆ: "ರೇಣುಕಾ, ಆ ಗಿಡ ಬಿಟ್ಟಿ ನೋಡು." "ರೇಣುಕಾ, ಹಣ್ಣು ಹಂಗ ತಿರುವಬ್ಯಾಡ." ಮೊಬೈಲಿನಲ್ಲಿ ಸಿಗ್ನಲ್ ತುಂಬಿ ತುಳುಕುತ್ತಿತ್ತು. ಹೆಂಡತಿಯ ಮುಖದಲ್ಲಿ ಅದು ಇಳಿಯುತ್ತಿದ್ದದ್ದು ಮಾತ್ರ ನನಗೆ ಕಾಣಲಿಲ್ಲ.

ಒಂದು ಸಂಜೆ ಅವಳು ಬುತ್ತಿ ಬಿಚ್ಚಿದಳು. "ಇದು ಎರಡನೇ ರೊಟ್ಟಿ ಅಲ್ಲೇನು?" ಎಂದೆ. (ತಮಾಷೆಗೆ. ಈಗಲೂ ಅದು ತಮಾಷೆಯೇ ಎಂದು ನನ್ನ ನಂಬಿಕೆ.)

ಅವಳು ಎದ್ದು ಒಂದು ಮಣ್ಣಿನ ಹೆಂಟೆ ತೆಗೆದು ರೂಟರಿಗೆ ಬೀಸಿದಳು. ಡಬ್ಬಿ ಢಣ್ ಎಂದಿತು, ಜಗ್ಗಲಿಲ್ಲ. ಆಮೇಲೆ ಬುತ್ತಿಯ ಅರಿವೆಯನ್ನು ಕ್ಯಾಮೆರಾಕ್ಕೆ ಮುಸುಕಿನಂತೆ ಹಾಕಿದಳು. ನನ್ನ ಪರದೆ ಕತ್ತಲಾಯಿತು. ಆದರೆ ಯಮನೂರಸಾಬನ ಮಾತು ಸುಳ್ಳಾಗಲಿಲ್ಲ, ಧ್ವನಿ ಬರುತ್ತಲೇ ಇತ್ತು.

"ಏನಾತಬೇ?" ಇಮಾಮಬಾನು ಕೇಳಿದಳು.

"ಏನಿಲ್ಲ ಬಾನು. ಮೊದಲ ಬಾಜೂಕ ಕುಂತು ಉಳ್ಳಾಗಡ್ಡಿ ಗುದ್ದಿ ಕೊಡ್ತಿದ್ರು. ನಾಕು ಮಾತು ಆಡ್ತಿದ್ರು. ಈಗ ಕಂಬ ಏರಿ ಕುಂತಾರ. ನಂಗ ಮನುಷ್ಯಾರಽ ಇಲ್ಲದಂಗ ಆಗೇತಿ."

ಮೊಬೈಲನ್ನು ಮಂಚದ ಮೇಲೆ ಹಾಗೇ ಒಗೆದು ಎದ್ದೆ. ಅಂಗಡಿಯಲ್ಲಿ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು, ಮೊಣಕಾಲನ್ನು ಬೈಯುತ್ತ ಗಾಡಿ ಓಡಿಸಿದೆ. ತೋಟದಲ್ಲಿ ಯಾರೂ ಇರಲಿಲ್ಲ. ಟಂಟಂ ಬೇರೆ ದಾರಿ ಹಿಡಿದಿರಬೇಕು. ಅರಿವೆ ಬಿಚ್ಚಿ ಮಡಚಿ, ಬದುವಿನ ಮೇಲೆ ಒಬ್ಬನೇ ಕುಳಿತೆ. ಪೊಟ್ಟಣ ಬಿಚ್ಚುವ ಮನಸ್ಸಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಕಂಬ ಕೆಮ್ಮಿತು.

"ನೀವಽ ಏನ್ರಿ? ಮೊಬೈಲ್ ಇಲ್ಲೇ ಒಗದು ಹೋಗೀರಿ. ಅಲ್ಲೇನು ಮಾಡಾಕತ್ತೀರಿ?"

"ಮಿರ್ಚಿ ತಂದೀನಿ. ನಿನ್ನ ಜೋಡಿ ಕುಂತು ತಿನ್ನೂನಂತ ಬಂದ್ನಿ," ಎಂದೆ ಕಂಬಕ್ಕೆ.

ಕಂಬ ಸುಮ್ಮನಾಯಿತು. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಅದು ಹೋಗುವಂಥದ್ದಲ್ಲ.

"ಬಂದೀರಂದ್ರ ಎಡಗಡೆ ಸಾಲಿನ ಕಳೆ ಉಳದೈತಿ, ಕಿತ್ತು ಬರ್ರಿ. ನಾ ನೋಡ್ಕೋತ ಇರ್ತೀನಿ."

ಮೊಣಕಾಲೂರಿದೆ. ಸಾಲು ಮುಗಿಯುವವರೆಗೂ ಕಂಬ ಮತ್ತೊಂದು ಮಾತು ಆಡಲಿಲ್ಲ. ಆಡಿದ್ದರೆ, ಬೈದಿದ್ದರೂ, ಚೆನ್ನಾಗಿತ್ತು.