ದಿವಾನನ ಮೊದಲ ಪಕ್ಕೆಲುಬು

ಎಣಿಕೆಯ ವಿಷಯದಲ್ಲಿ ನನ್ನನ್ನು ಯಾರೂ ಪರೀಕ್ಷಿಸಬೇಕಾಗಿಲ್ಲ. ಬಾಳೂರಿನ ಕಾಫಿ ಎಸ್ಟೇಟೊಂದರಲ್ಲಿ ಮೂವತ್ತೆಂಟು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದವನು ನಾನು. ಬೆಳಗಿನ ಮಂಜಿನಲ್ಲಿ ಆಳುಗಳನ್ನು ಎಣಿಸಿದ್ದೇನೆ, ಬಿಸಿಲೇರಿದ ಮೇಲೆ ಗಿಡಗಳನ್ನು ಎಣಿಸಿದ್ದೇನೆ, ಕಡಿಯಬೇಕಾದ ಸಿಲ್ವರ್ ಓಕ್ ಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರ್ ಹಾಕಿದ್ದೇನೆ. ಇಷ್ಟು ದೀರ್ಘ ಸೇವೆಯಲ್ಲಿ ನನ್ನ ಎಣಿಕೆ ತಪ್ಪೆಂದವನು ಒಬ್ಬನೇ: ಆಳುಗಳನ್ನು ನಡೆಸುತ್ತಿದ್ದ ಮಂಜಪ್ಪ ಮೇಸ್ತ್ರಿ. ಹದಿನಾರು ವರ್ಷಗಳ ಹಿಂದೆ, ಧಣಿಗಳ ಎದುರಿನಲ್ಲಿ, ಕಾಫಿ ಲೋಟವನ್ನು ಕೆಳಗಿಡುವ ಸೌಜನ್ಯವನ್ನೂ ತೋರದೆ, “ಕೆರೆ ಮೇಲ್ಗಡೆ ಬಳ್ಳಿ ಮರೇಲಿ ರೈಟ್ರು ಒಂದು ಮರ ಬಿಟ್ಟಿದಾರೆ” ಎಂದ. ನಾನು ಆ ಕಡೆ ಹೋಗಿ ನೋಡಲೂ ಇಲ್ಲ. ಅಂಥ ಮರ ಇದ್ದರೆ, ಅದು ನಾನು ಎಣಿಸಿದ ಮೇಲೆ ಬೆಳೆದದ್ದು ಎಂದು ಅಂದಿನಿಂದಲೂ ವಾದಿಸಿಕೊಂಡು ಬಂದಿದ್ದೇನೆ. ಆ ಲೋಟದ ಅಂಚು ಒಂದು ಕಡೆ ನೆಗ್ಗಿತ್ತು. ಅದೂ ನನಗೆ ನೆನಪಿದೆ.

ಇಂಥ ನಾನು ಒಂದು ನಾಯಿಯ ಪಕ್ಕೆಲುಬುಗಳನ್ನು ಎಣಿಸಲು ಹೊರಟಾಗ ಅಳುಕುವ ಪ್ರಶ್ನೆಯೇ ಇರಲಿಲ್ಲ.

ಕಾರಣ ನನ್ನ ಮೊಮ್ಮಗಳು ನಿಶ್ಮಿತಾ. ಪಶುವೈದ್ಯಕೀಯ ಓದುತ್ತಿದ್ದಾಳೆ. ನಾಯಿಯ ಎದೆಗೂಡಿನ ರಚನೆ ಅವಳಿಗೆ ಬಾಯಿಪಾಠ. ಆದರೆ ಜೀವಂತ ನಾಯಿಯನ್ನು ಎದುರಿಗೆ ನಿಲ್ಲಿಸಿ, “ಐದನೆಯ ಪಕ್ಕೆಲುಬು ಎಲ್ಲಿ, ಹೃದಯ ಎಲ್ಲಿ ಕೇಳಿಸುತ್ತದೆ, ತೋರಿಸು” ಎಂದರೆ ಬೆರಳುಗಳು ನಡುಗುತ್ತವೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿದ್ದಳು. ಹತ್ತು ದಿನಗಳಲ್ಲಿ ಇನ್ನೊಂದು ಅವಕಾಶ. ಅದೂ ತಪ್ಪಿದರೆ ಈ ಓದು ಬೇಡವೇ ಬೇಡ ಎಂದು ಅವಳ ಅಪ್ಪ, ಅಂದರೆ ನನ್ನ ಅಳಿಯ, ತೀರ್ಮಾನಿಸಿಯಾಗಿತ್ತು. ಕಳೆದ ದೀಪಾವಳಿಯ ಊಟದಲ್ಲಿ ನನಗೆ ಎರಡನೆಯ ಕಡುಬು ಬಡಿಸುತ್ತಿರುವಾಗ, “ಮಾವನೋರಿಗೆ ಈಗಿನ ಓದೆಲ್ಲ ಎಲ್ಲಿ ಅರ್ಥ ಆಗ್ತದೆ” ಎಂದವರು ಇದೇ ಅಳಿಯಂದಿರು. ಮಗುವನ್ನು ಪಾಸು ಮಾಡಿಸುವ ಹೊಣೆಯನ್ನು ನಾನು ಆ ಕಡುಬಿನ ಸಾಕ್ಷಿಯಾಗಿ ವಹಿಸಿಕೊಂಡೆ.

ನಮ್ಮ ನಾಯಿ ದಿವಾನ. ಕಪ್ಪು ಬಣ್ಣ, ನಾಟಿ ತಳಿ. ಕೆಲಸವೇನೂ ಮಾಡದೆ ಎಲ್ಲದರ ಮೇಲ್ವಿಚಾರಣೆ ನಡೆಸುವುದರಿಂದ ಆ ಹೆಸರು. ಹೂಮಳೆ ಬಿದ್ದು ಒಂಬತ್ತು ದಿನಗಳಾಗಿದ್ದವು. ಗುಡ್ಡವೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಗಿ, ಗಾಳಿಯೇ ನಿದ್ದೆಗಣ್ಣಿನಲ್ಲಿ ಓಡಾಡುತ್ತಿರುವಂತೆ ತೋರುತ್ತಿತ್ತು. ಗುಡಿಸಿಟ್ಟ ಕಾಫಿ ಕಣದ ಬೆಚ್ಚನೆಯ ನೆಲದ ಮೇಲೆ ದಿವಾನ ಬಲಮಗ್ಗುಲಾಗಿ ಮಲಗಿದ್ದ. ನಾನು ಕನ್ನಡಕ ಹಾಕಿಕೊಂಡು, ಕುತ್ತಿಗೆಯ ಕಡೆಯಿಂದ ಎಣಿಸಲಾರಂಭಿಸಿದೆ.

ಒಂದು, ಎರಡು, ಮೂರು. ಎಂಟಕ್ಕೆ ಬರುವಷ್ಟರಲ್ಲಿ ದಿವಾನನ ಹಿಂಗಾಲು ಗಾಳಿಯಲ್ಲಿ ಪರಪರನೆ ಕೆರೆಯತೊಡಗಿ ನನ್ನ ಮೊಣಕೈಗೆ ಒದೆಯಿತು. ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಎಂಟಕ್ಕೆ ಮತ್ತೆ ಒದೆ. ಮೂರನೆಯ ಒದೆಗೆ ನಾನು ಅವನನ್ನು ಹೆಸರು ಹಿಡಿದು ಗದರಿದೆ.

“ಅದು ಬೇಕೂಂತ ಒದ್ದಿದ್ದಲ್ಲ ಅಜ್ಜ,” ಎಂದಳು ನಿಶ್ಮಿತಾ. “ಚರ್ಮದ ನರ ಬೆನ್ನುಹುರಿಗೆ ಸುದ್ದಿ ಮುಟ್ಟಿಸ್ತದೆ. ಬೆನ್ನುಹುರಿನೇ ಕಾಲಿಗೆ ಆರ್ಡರ್ ಕೊಡ್ತದೆ. ಮಿದುಳನ್ನ ಕೇಳೋಕೆ ಹೋಗಲ್ಲ.”

ಮೇಲಿನವರನ್ನು ಕೇಳದೆ ನಡುವಿನವರೇ ಆರ್ಡರ್ ಕೊಡುವ ಪದ್ಧತಿ ನನಗೆ ಹೊಸದಲ್ಲ. ಮಂಜಪ್ಪ ಮೇಸ್ತ್ರಿಯ ಇಡೀ ಆಡಳಿತ ನಡೆದದ್ದೇ ಹಾಗೆ.

ಪರಿಹಾರ ನನ್ನ ವೃತ್ತಿಯಲ್ಲೇ ಇತ್ತು: ನಂಬರ್ ಹಾಕುವುದು. ಬಣ್ಣ ಹಚ್ಚಿದರೆ ನಾಯಿ ನೆಕ್ಕುತ್ತದೆಂದು ಮೊಮ್ಮಗಳು ತಡೆದಳು. ಅಡುಗೆಮನೆಯಲ್ಲಿ ಮರುದಿನಕ್ಕೆಂದು ರುಬ್ಬಿಟ್ಟ ದೋಸೆಹಿಟ್ಟಿತ್ತು. ಬೆರಳಿನಿಂದ ಒಂದೊಂದು ಪಕ್ಕೆಲುಬಿನ ಮೇಲೂ ಕನ್ನಡ ಅಂಕಿಗಳನ್ನು ಅಂದವಾಗಿ ಬರೆದೆ. ಹನ್ನೆರಡಕ್ಕೆ ಮುಗಿಯಿತು.

“ಹದಿಮೂರು ಇರ್ಬೇಕು ಅಜ್ಜ. ಮೊದಲನೇದು ಹೆಗಲ ಮೂಳೆಯ ಅಡೀಲಿ ಇರ್ತದೆ.”

“ತೋರಿಸು.”

ಅವಳು ಬೆರಳಿಟ್ಟು ಹುಡುಕಿದಳು. ಬೆರಳುಗಳು ನಡುಗಿದವು, ಪಕ್ಕೆಲುಬು ಸಿಗಲಿಲ್ಲ. ಕಣ್ಣಿಗೆ ಕಾಣದ್ದನ್ನು ರಿಜಿಸ್ಟರಿಗೆ ಬರೆಯುವವನು ನಾನಲ್ಲವೆಂದೂ, ಪುಸ್ತಕ ಬರೆದವರು ಬಾಳೂರಿನ ನಾಯಿಗಳನ್ನು ನೋಡಿರಲಾರರೆಂದೂ ವಿವರಿಸಿದೆ. ಆಮೇಲೆ ಅವಳು ಸ್ಟೆತಾಸ್ಕೋಪು ಇಟ್ಟು ಹೃದಯ ಹುಡುಕಿದಳು. ಐದು ಮತ್ತು ಆರರ ನಡುವೆ ಜೋರಾಗಿ ಕೇಳಬೇಕಿತ್ತಂತೆ. ನನ್ನ ನಂಬರುಗಳ ಪ್ರಕಾರ ಅದು ನಾಲ್ಕು ಮತ್ತು ಐದರ ನಡುವೆ ಬಡಿಯುತ್ತಿತ್ತು. ದಿವಾನನ ಹೃದಯವೇ ಒಂದು ಸ್ಥಾನ ಮುಂದಿದೆ ಎಂದು ನಾನು ತೀರ್ಪಿತ್ತೆ.

ಅವಳು ನಗಲಿಲ್ಲ. “ಎಣಿಕೆ ಒಂದು ತಪ್ಪಿದ್ರೆ ಹೃದಯನೂ ತಪ್ತದೆ, ಶ್ವಾಸಕೋಶನೂ ತಪ್ತದೆ ಅಜ್ಜ. ಹೋದ ಸಲ ಆಗಿದ್ದೂ ಇದೇ,” ಎಂದು ಪುಸ್ತಕವನ್ನು ಕಣದಲ್ಲೇ ಬಿಟ್ಟು ಒಳಗೆ ಹೋದಳು.

ಆಗ ನನಗೆ ಸ್ವಲ್ಪ ಕಸಿವಿಸಿಯಾಯಿತೆಂದು ಒಪ್ಪುತ್ತೇನೆ. ಸ್ವತಃ ಪರಿಶೀಲಿಸೋಣವೆಂದು ದಿವಾನನ ಎದೆಗೆ ಕಿವಿಯಿಟ್ಟೆ. ಒಂದು ಸದ್ದು ಮೆತ್ತಗೆ, ಅದರ ಹಿಂದೆ ಇನ್ನೊಂದು ಇನ್ನೂ ಮೆತ್ತಗೆ. ಉಸಿರು ತುಂಬಿದಾಗ ನನ್ನ ತಲೆ ಮೇಲೇಳುತ್ತಿತ್ತು, ಖಾಲಿಯಾದಾಗ ಇಳಿಯುತ್ತಿತ್ತು. ಎಲ್ಲೋ ಜೇನ್ನೊಣಗಳು ಗುಂಯ್ಗುಡುತ್ತಿದ್ದವು. ಯಾವಾಗ ನಿದ್ದೆ ಬಂತೋ ತಿಳಿಯದು. ನಾನು ರಿಜಿಸ್ಟರ್ ಹಿಡಿದು ಆ ಎದೆಯೊಳಗೇ ನಡೆಯುತ್ತಿದ್ದೆ. ಎರಡೂ ಕಡೆ ಬಿಳಿಯ ಪಕ್ಕೆಲುಬುಗಳು ಸಿಲ್ವರ್ ಮರಗಳಂತೆ ಬಾಗಿ ಆಕಾಶದಲ್ಲಿ ಕೂಡಿಕೊಂಡಿದ್ದವು. ಅವುಗಳ ನಡುವೆ ದೇವರಮನೆ ಗುಡ್ಡದ ಇಳಿಜಾರಿನ ಮಂಜಿನಂತೆ ಉಸಿರು ಬಂದು ತುಂಬುತ್ತಿತ್ತು, ಹಿಂದೆ ಸರಿಯುತ್ತಿತ್ತು. ಕೆರೆಯ ಪಂಪಿನಂತೆ ಹೃದಯ ತನ್ನ ಪಾಡಿಗೆ ನಡೆಯುತ್ತಿತ್ತು. ಕೊನೆಯಲ್ಲಿ, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ ಎಂಬ ದೊಡ್ಡ ಪರದೆ. ಮೊಮ್ಮಗಳು ಗಟ್ಟಿಯಾಗಿ ಓದುವಾಗ ಕೇಳಿದ್ದಂತೆ, ಅದಕ್ಕೆ ನರ ಬರುವುದು ಅಷ್ಟು ದೂರದ ಕುತ್ತಿಗೆಯಿಂದ. ಪಕ್ಕದ ಕಂಬ ಬಿಟ್ಟು ಮೂಡಿಗೆರೆಯಿಂದ ಕರೆಂಟ್ ಲೈನ್ ಎಳೆದ ಹಾಗೆ. ಕುತ್ತಿಗೆಯ ಕಡೆಯ ಬಾಗಿಲ ಹತ್ತಿರ, ದಟ್ಟವಾದ ಮೆಣಸಿನ ಬಳ್ಳಿಯ ಹಿಂದಿನಿಂದ ಯಾರೋ, “ರೈಟ್ರೇ, ನಾನಿಲ್ಲೇ ಇದೀನಿ” ಎಂದರು. ನಾನು ಬರೆದುಕೊಳ್ಳದೆ ಮುಂದೆ ಹೋದೆ. ಕನಸಿನಲ್ಲೂ ನನ್ನ ನಿಯಮ ನಿಯಮವೇ.

ಎಚ್ಚರವಾದಾಗ ಒಂದು ಉಪಾಯ ಹೊಳೆಯಿತು. ಪುಸ್ತಕದ ಚಿತ್ರವನ್ನು ಕೊಟ್ಟಿಗೆಹಾರದಲ್ಲಿ ದೊಡ್ಡದಾಗಿ ಜೆರಾಕ್ಸ್ ಮಾಡಿಸಿದರೆ, ಅದರ ತಪ್ಪನ್ನು ನಾನೇ ಗುರುತಿಸಬಹುದು! ಹೆಂಡತಿ ಸರೋಜ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಹೋಗಿ ಬನ್ನಿ ಎಂದಳು.

ಊರವರೆಲ್ಲ ಹತ್ತುವ ಬಾಡಿಗೆ ಜೀಪಿನಲ್ಲಿ ಆ ದಿನ ನನಗೆ ಸಿಕ್ಕ ಗೌರವ ಅಪೂರ್ವವಾದದ್ದು. ಎಲ್ಲರೂ ಸರಿದು ಜಾಗ ಬಿಟ್ಟರು. ಮುಂದಿನ ತಿರುವಿನಲ್ಲಿ ಹತ್ತಿದವನು ಮಂಜಪ್ಪ ಮೇಸ್ತ್ರಿ. ಎದುರಿಗೇ ಕೂತ. ಬಹಳ ಹೊತ್ತು ನನ್ನ ಎಡಗೆನ್ನೆಯನ್ನು ನೋಡಿ, ತಗ್ಗಿದ ದನಿಯಲ್ಲಿ ಕೇಳಿದ:

“ರೈಟ್ರೇ, ನಿಮ್ಗೆ ನಂಬರ್ ಹಾಕಿದ್ದು ಯಾರು?”

ನನಗೆ ಅರ್ಥವಾಗಲಿಲ್ಲ.

“ಅಲ್ಲ, ಕಡಿಯೋದು ಯಾವಾಗಂತೆ?”

ಇಡೀ ಜೀಪು ನಕ್ಕಿತು. ಡ್ರೈವರನ ಕನ್ನಡಿಯಲ್ಲಿ ನೋಡಿಕೊಂಡೆ. ದೋಸೆಹಿಟ್ಟು ಒಣಗಿ ಅಚ್ಚೊತ್ತಿತ್ತು. ಕೆನ್ನೆಯ ಮೇಲೆ ತಿರುವುಮುರುವಾಗಿದ್ದ ಅಂಕಿಗಳು ಕನ್ನಡಿಯಲ್ಲಿ ನೇರವಾಗಿ ಕಂಡವು: ೪, ೫. ಎಪ್ಪತ್ತೆರಡರ ವಯಸ್ಸಿನಲ್ಲಿ, ಮಂಜಪ್ಪನ ಎದುರಿನಲ್ಲಿ!

ಒರೆಸಿಕೊಳ್ಳುತ್ತಾ ಕಥೆಯನ್ನೆಲ್ಲ ಹೇಳಲೇಬೇಕಾಯಿತು. ಆತ ಇನ್ನಷ್ಟು ಗೇಲಿ ಮಾಡುವನೆಂದು ಕಾದೆ. ಮಾಡಲಿಲ್ಲ. “ಮಗು ಪರೀಕ್ಷೆ ಅಲ್ವಾ, ನಡೀರಿ ಮಾರಾಯ್ರೆ, ನೋಡುವ” ಎಂದು ಕೊಟ್ಟಿಗೆಹಾರದಿಂದ ನನ್ನ ಜೊತೆಯಲ್ಲೇ ವಾಪಸು ಬಂದ. ಜೆರಾಕ್ಸ್ ಮರೆತೇಹೋಯಿತು.

ಮಂಜಪ್ಪ ಪುಸ್ತಕ ಮುಟ್ಟಲಿಲ್ಲ. ದಿವಾನನ ಪಕ್ಕದಲ್ಲಿ ಕೂತು, ನಿಶ್ಮಿತಾಳ ಕೈಯನ್ನು ಹೊಟ್ಟೆಯ ಕಡೆಯ ಕೊನೆಯ ಪಕ್ಕೆಲುಬಿನ ಮೇಲಿಟ್ಟ.

“ಇದರ ತುದಿ ಎಲ್ಲಿಗೂ ಕೂಡ್ಕೊಂಡಿಲ್ಲ ನೋಡು ಮಗಾ, ಬಿಡಿಯಾಗಿದೆ.”

“ಹೌದು. ಹದಿಮೂರನೇದು ತೇಲುವ ಪಕ್ಕೆಲುಬು,” ಎಂದಳು ಅವಳು, ಎಚ್ಚರವಾದವಳಂತೆ.

“ಹಂಗಾರೆ ಗೊತ್ತಿರೋ ಕಡೆಯಿಂದ ಬಾ. ಅಂಗೈ ಒತ್ತಿ ಹಿಡಿ. ಬೆರಳಿನ ತುದಿ ಆಡಿಸಿದ್ರೆ ಅದಕ್ಕೆ ಕಚಗುಳಿ, ನಿಂಗೆ ನಡುಕ.”

ಅವಳು ಹಿಂದಿನಿಂದ ಮುಂದಕ್ಕೆ ಎಣಿಸುತ್ತಾ ಬಂದಳು. ಹಿಂಗಾಲು ಸುಮ್ಮನಿತ್ತು. ಎರಡಕ್ಕೆ ಬಂದಾಗ ಹೆಗಲು ಅಡ್ಡಬಂತು. ಮಂಜಪ್ಪ ಮುಂಗಾಲನ್ನು ಮೆಲ್ಲಗೆ ಮುಂದಕ್ಕೆ ಎಳೆದು ಹಿಡಿದು, ಕತ್ತಿನ ಬುಡದಲ್ಲಿ ಅವಳ ಬೆರಳನ್ನು ಒಳಸರಿಸಿದ.

“ಬಳ್ಳಿ ಸರಿಸಿ ನೋಡ್ಬೇಕು ರೈಟ್ರೇ,” ಎಂದ ನನ್ನ ಕಡೆ ತಿರುಗದೆ. “ಮರ ಒಳಗಿರ್ತದೆ.”

“ಒಂದು,” ಎಂದಳು ನಿಶ್ಮಿತಾ. ಕೈ ನಡುಗಲಿಲ್ಲ. ಆಮೇಲೆ ಸ್ಟೆತಾಸ್ಕೋಪು ಇಟ್ಟಳು. ಹೃದಯ ಐದು ಮತ್ತು ಆರರ ನಡುವೆ, ಪುಸ್ತಕ ಹೇಳಿದಲ್ಲೇ ಇತ್ತು.

ಆ ಸಂಜೆ ಸರೋಜಳನ್ನು ಕೇಳಿದೆ, ನನ್ನ ಕೆನ್ನೆ ನೋಡಿಯೂ ಹೇಳಲಿಲ್ಲವೇಕೆಂದು. “ದೋಸೆಹಿಟ್ಟು ಎಲ್ಲಿಗೆ ಹೋಯ್ತು ಅಂತ ಊರಿಗೂ ಗೊತ್ತಾಗ್ಲಿ ಅಂತ ಬಿಟ್ಟೆ,” ಎಂದಳು.

ನಿಶ್ಮಿತಾ ಪಾಸಾದಳು. ಪರೀಕ್ಷಕರು, ಇಷ್ಟು ನಿರಾಳವಾಗಿ ಎಣಿಸಲು ಕಲಿಸಿದ್ದು ಯಾರೆಂದು ಕೇಳಿದರಂತೆ. “ಮಂಜಪ್ಪಜ್ಜ ಅಂತ ಹೇಳ್ದೆ ಅಜ್ಜ,” ಎಂದು ಫೋನಿನಲ್ಲಿ ಸಂತೋಷದಿಂದ ತಿಳಿಸಿದಳು. ದೋಸೆಹಿಟ್ಟಿನ ಪ್ರಸ್ತಾಪ ಬಂದಂತೆ ಕಾಣಲಿಲ್ಲ.

ಮರುದಿನ ಒಂದು ಡಬ್ಬಿ ಬಿಳಿ ಬಣ್ಣ ಹಿಡಿದು, ಮಂಜಪ್ಪನನ್ನು ಕರೆದುಕೊಂಡು ಹದಿನಾರು ವರ್ಷಗಳಲ್ಲಿ ಮೊದಲ ಬಾರಿಗೆ ಕೆರೆಯ ಮೇಲಕ್ಕೆ ಹೋದೆ. ತಪ್ಪಿದ ಎಣಿಕೆಯನ್ನು ತಡವಾಗಿಯಾದರೂ ಸರಿಪಡಿಸುವುದು ನನ್ನ ಕರ್ತವ್ಯವಾಗಿತ್ತು. ಬಳ್ಳಿ ಸರಿಸಿದೆ. ಮರ ಇತ್ತು. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಷ್ಟು ದಪ್ಪ; ನಾನು ಎಣಿಸಿದ ಮೇಲೆ ಬೆಳೆದದ್ದೆಂದು ದಿವಾನನೂ ನಂಬಲಾರ. ಅದರ ನೆತ್ತಿ ಮಂಜಿನೊಳಗೆ ಎಲ್ಲೋ ಇತ್ತು. ಕೆಳಗೆ ನೆಲವೆಲ್ಲ ಬಿದ್ದ ಕಾಫಿ ಹೂವು. ಸುತ್ತ ನೋಡಿದೆ. ನಾನು ನಂಬರ್ ಹಾಕಿದ ಮರಗಳು ಒಂದೂ ಇರಲಿಲ್ಲ. ಆ ವರ್ಷವೇ ಎಲ್ಲ ಲಾರಿ ಹತ್ತಿದ್ದವು.

ಸರಿಯಾಗಿ ಎಣಿಸಿದ್ದೆಲ್ಲ ಹಲಗೆಯಾಗಿತ್ತು. ನಾನು ಬಿಟ್ಟದ್ದೊಂದೇ ಉಳಿದಿತ್ತು.

ಡಬ್ಬಿಯ ಮುಚ್ಚಳವನ್ನು ಮತ್ತೆ ಒತ್ತಿ ಮುಚ್ಚಿದೆ. ಮಂಜಪ್ಪ ಏನಾದರೂ ಅನ್ನಬಹುದಿತ್ತು. ಮರದ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದ. ಆತ ಆಡದೆ ಬಿಟ್ಟ ಆ ಮಾತನ್ನೂ ನಾನು ನೆನಪಿಟ್ಟುಕೊಂಡಿದ್ದೇನೆ.