ಗೇಟಿನ ಹೊರಗೆ ಬಿಟ್ಟ ದೇವರುಗಳು

ಸರ್ಕಾರ ಒಂದು ಹೊಸ ನಿಯಮ ತಂದಾಗಲೆಲ್ಲ ನಮ್ಮ ಕಾರ್ಖಾನೆಯಲ್ಲಿ ಯಾವುದಾದರೊಂದು ದೇವರಿಗೆ ತ್ರಾಸು ತಪ್ಪಿದ್ದಲ್ಲ.

ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಶಿಗ್ಗಾಂವದಲ್ಲಿ ಹೆದ್ದಾರಿಯ ಪಕ್ಕ ಒಂದು ತಗಡಿನ ಶೆಡ್ಡು. ಕಡಕ್ ರೊಟ್ಟಿ ಬಡಿದು, ಶೇವು ಕರಿದು, ಪ್ಯಾಕು ಮಾಡಿ ಮಾರುತ್ತೇವೆ. ರೊಟ್ಟಿ ಬಡಿಯುವ ಹೆಂಗಸರು ಹಾನಗಲ್ ಕಡೆಯವರು. ಶೇವಿನ ಕಡಾಯಿ ನೋಡಿಕೊಳ್ಳುವ ಚಾಚಾ ಸವಣೂರಿನವರು. ಎರಡೂ ಕಡೆಯಿಂದ ಬೈಸಿಕೊಳ್ಳುವ ಸೂಪರ್‌ವೈಸರ್ ನಾನು, ಹಿರೇಕೆರೂರಿನವಳು.

ಆಹಾರ ತಪಾಸಣೆಯ ಸಾಹೇಬರು ಒಂದು ದಿನ ಬಂದು, ನಿಯಮ ಪಾಲಿಸದಿದ್ದರೆ ಲೈಸೆನ್ಸ್ ಇಲ್ಲ ಎಂದು ಹೇಳಿ ಹೋದರು. ನಮ್ಮ ಮಾಲಕರು ಕೂಡಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಭಾಷಣ ಮಾಡಿದರು. "ನಿಯಮ ಅಂದ್ರ ನಿಯಮ. ನಿಮ್ಮ ನಿಮ್ಮ ದೇವರನ್ನ ಗೇಟಿನ ಹೊರಗ ಬಿಟ್ಟು ಒಳಗ ಬರ್ರಿ!"

ಆ ಭಾಷಣದ ಭರದಲ್ಲಿ ಚಾಚಾನ ಶುಕ್ರವಾರದ ಅರ್ಧ ತಾಸೂ ಕೊಚ್ಚಿಕೊಂಡು ಹೋಯಿತು. ಇಷ್ಟು ವರ್ಷ ಅವರು ಜುಮ್ಮಾ ನಮಾಜಿಗೆ ಹೋಗಿ ಬರುತ್ತಿದ್ದರು, ಯಾರಿಗೂ ಅಡ್ಡಿ ಇರಲಿಲ್ಲ. ಈಗ ಮಾಲಕರು, "ನಿಯಮದಾಗ ಇಲ್ಲ" ಎಂದರು. ಚಾಚಾ ಜಗಳ ಆಡಲಿಲ್ಲ. "ಹಂಗಾದ್ರ ಲೈಸೆನ್ಸ್ ಬರೂತನಕ ಇರ್ತೇನ್ರಿ. ಆಮ್ಯಾಲೆ ಬ್ಯಾರೆ ಕಡೆ ನೋಡ್ಕೋತೇನಿ" ಎಂದರು. ಚಾಚಾ ಹೋದರೆ ನಾವು ಮುಳುಗಿದಂತೆಯೇ. ಜನ ನಮ್ಮ ಶೆಡ್ಡು ಹುಡುಕಿಕೊಂಡು ಬರುವುದು ಮಾಲಕರ ಮುಖ ನೋಡಿ ಅಲ್ಲ, ಚಾಚಾನ ಕೈಯ ಶೇವಿಗೆ.

ಬಳೆ

ಮೊದಲ ಏಟು ಬಳೆಗೆ ಬಿತ್ತು. ಹಿಟ್ಟು ಮುಟ್ಟುವ ಕೈಯಲ್ಲಿ ಬಳೆ ಇರಬಾರದಂತೆ.

ರೊಟ್ಟಿ ಬಡಿಯುವವರಲ್ಲಿ ಹಿರಿಯಳಾದ ಹಾನಗಲ್ಲಿನ ಅಕ್ಕ ಹಿಟ್ಟಿನ ಬುಟ್ಟಿ ಅತ್ತ ಸರಿಸಿದಳು. "ಕೈ ಬೋಳು ಮಾಡ್ಕೊಂಡು ನಾ ರೊಟ್ಟಿ ಬಡಿಯೂದಿಲ್ಲ್ರಿ. ನಾಳೆ ಗಂಡಗ ಹೆಚ್ಚುಕಮ್ಮಿ ಆದ್ರ ಸರ್ಕಾರ ಹೊಣಿ ಆಗ್ತೈತೇನು?"

ಮಾಲಕರು ಬುದ್ಧಿವಂತರು. ಆಕೆಯ ಗಂಡನನ್ನೇ ಕರೆಸಿದರು. ಆತ ಬಂದು ಬಾಗಿಲಲ್ಲಿ ನಿಂತು, "ತೆಗೀಲಿ ಬಿಡ್ರಿ. ನನಗೇನೂ ಆಗೂದಿಲ್ಲ" ಎಂದು ಅಪ್ಪಣೆ ಕೊಟ್ಟ.

ಅಕ್ಕ ಅವನ ಕಡೆ ನೋಡಲೂ ಇಲ್ಲ. "ಅವ್ರನ್ನೇನ್ ಕೇಳ್ತೀರಿ? ಸಾಯೂದು ಅವ್ರಿಗೆ ಒಂದ್ ದಿನದ ಕೆಲಸ. ಆಮ್ಯಾಲೆ ದಿನಾ ಮಂದಿ ಬಾಯಿಗೆ ಬೀಳಾಕಿ ನಾನು!"

ಕೊನೆಗೆ ಬಳೆಯ ಮೇಲೆ ಮೊಣಕೈತನಕ ಪ್ಲಾಸ್ಟಿಕ್ಕಿನ ತೋಳು ತೊಡಿಸಿದೆವು. ಗಂಡ ಬದುಕಿದ, ನಿಯಮವೂ ಬದುಕಿತು.

ತಲೆ

ತಲೆ ಮುಚ್ಚಿರಬೇಕು ಎಂಬ ನಿಯಮ ಓದಿ ನಾನು ಹಿಗ್ಗಿದೆ. ನಮ್ಮ ಹೆಂಗಸರಲ್ಲಿ ಕೆಲವರ ತಲೆಯ ಮೇಲೆ ಸೆರಗು, ಕೆಲವರ ತಲೆಗೆ ದುಪಟ್ಟಾ, ಚಾಚಾನ ತಲೆಗೆ ಬಿಳಿ ಟೋಪಿ. ನಿಯಮ ಹುಟ್ಟುವ ಮೊದಲೇ ನಾವು ಪಾಸು!

ಮತ್ತೆ ತಪಾಸಣೆಗೆ ಬಂದ ಸಾಹೇಬರು ತಲೆ ಅಲ್ಲಾಡಿಸಿದರು. "ಅದು ನಿಮ್ಮ ಧರ್ಮದ್ದು. ಇದು ಸ್ವಚ್ಛತಾದ್ದು. ಇದರ ಮ್ಯಾಲೆ ನಮ್ಮ ಟೋಪಿ ಹಾಕ್ಕೋರಿ."

ಹೀಗೆ ಕಾದ ಎಣ್ಣೆಯ ಮುಂದೆ ಚಾಚಾ ಟೋಪಿಯ ಮೇಲೊಂದು ಟೋಪಿ, ಗಡ್ಡಕ್ಕೊಂದು ಜಾಳಿಗೆ ಹಾಕಿಕೊಂಡು ನಿಂತರು. ಅವರನ್ನು ಆ ವೇಷದಲ್ಲಿ ನೋಡಿ ನನಗೆ ನಗುವೂ ಬಂತು, ಸಂಕಟವೂ ಆಯಿತು. ಅಷ್ಟರಲ್ಲಿ ಸಾಹೇಬರು ಬರಿದಲೆ ಕೆರೆದುಕೊಳ್ಳುತ್ತ ಹಿಟ್ಟಿನ ಪಾತ್ರೆಗೆ ಬಗ್ಗಿದರು. ಅವರ ಹಿಂದೆಯೇ ಮಾಲಕರೂ ಬಗ್ಗಿದರು, ಅವರದೂ ಬರಿದಲೆ.

ಚಾಚಾ ನನ್ನ ಕಿವಿಯ ಹತ್ತಿರ ಬಂದು ಕೇಳಿದರು, "ಬಾಯಾರ, ಕೂದಲ ಬರೇ ಪಗಾರದ ಮಂದೀದ ಉದುರ್ತಾವೇನ್ರಿ? ಸಾಹೇಬ ಮಂದೀದು ಗಟ್ಟಿ ಇರ್ತಾವೇನು?"

ರಜೆ

ವಾರಕ್ಕೊಂದು ರಜೆ ಕೊಡಲೇಬೇಕು, ಅದೂ ನಿಯಮವೇ. ಯಾವ ದಿನ? ಸವಣೂರಿನವರು ಶುಕ್ರವಾರ ಎಂದರು, ಹಾನಗಲ್ಲಿನವರು ಬಸವಣ್ಣನ ಸೋಮವಾರ ಎಂದರು, ಮಾಲಕರು ರಾಯರ ಗುರುವಾರ ಎಂದರು. ಮಾತು ದೇವರದೇ ಆದ್ದರಿಂದ ಯಾರೂ ಸೋಲಲು ತಯಾರಿರಲಿಲ್ಲ. ಕಡೆಗೆ ಅವರವರಿಗೆ ಬೇಕಾದ ದಿನ ಬರೆಸಿ ಚೀಟಿ ಹಾಕಿಸಿದೆ. ತೆಗೆದು ನೋಡಿದರೆ ಮಾಲಕರದೊಂದನ್ನು ಬಿಟ್ಟು ಎಲ್ಲ ಚೀಟಿಯಲ್ಲೂ ಸಂತೆಯ ದಿನ!

ಲಿಂಬೆಹಣ್ಣು

ಮುಂದಿನ ನಿಯಮ ಬಂದಾಗ ನಾನು ಬೇಕೆಂದೇ ಗಟ್ಟಿಯಾಗಿ ಓದಿದೆ. "ತಿನಿಸಿನ ಯಂತ್ರಗಳ ಮೇಲೆ ಹೂವು, ಕುಂಕುಮ, ಅರಿಷಿಣ, ಹಣ್ಣು, ಏನೂ ಇರಬಾರದು."

ನಮ್ಮ ಪ್ಯಾಕಿಂಗ್ ಯಂತ್ರಕ್ಕೆ ಮಾಲಕರು ಅಮಾವಾಸ್ಯೆಗೊಮ್ಮೆ ಎಷ್ಟು ಕುಂಕುಮ ಬಳಿದಿದ್ದರೆಂದರೆ ಅದರ ಬಣ್ಣ ಯಾವುದೆಂದು ನನಗೆ ಗೊತ್ತೇ ಇರಲಿಲ್ಲ. ಮೇಲೆ ಲಿಂಬೆಹಣ್ಣಿನ ಸರ ಬೇರೆ. ಅವರ ಮುಖ ಕೆಂಪಾಯಿತು. "ಇದು ಧಾರ್ಮಿಕ ಸ್ವಾತಂತ್ರ್ಯದ ಪ್ರಶ್ನೆ ಐತಿ! ಸಂವಿಧಾನ ಅನ್ನೂದು ಒಂದೈತೋ ಇಲ್ಲೋ ಈ ದೇಶದಾಗ?"

ಅಲ್ಲಿಯತನಕ ನಮ್ಮ ಶೆಡ್ಡಿಗೆ ಸಂವಿಧಾನ ಬಂದೇ ಇರಲಿಲ್ಲ. ಅಂದು ಬಂತು, ಅದೂ ಲಿಂಬೆಹಣ್ಣಿನ ಜೊತೆ.

ಹಾನಗಲ್ಲಿನ ಅಕ್ಕ ಒಂದು ಪ್ಲಾಸ್ಟಿಕ್ಕಿನ ತೋಳು ಹಿಡಿದು ಬಂದಳು. "ಮಾಲಕರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಲಿಂಬಿಹಣ್ಣಿಗೆ ಇದನ್ನ ತೊಡಸ್ರಿ. ನನ್ನ ಗಂಡ ಇದರಾಗ ಉಳಕೊಂಡಾನ!"

ಸಹಿ

ಕಡೆಯ ತಪಾಸಣೆಗೆ ಸಾಹೇಬರು ಬಂದದ್ದು ಒಂದು ಶುಕ್ರವಾರ, ಹೊತ್ತು ಏರಿದ ಮೇಲೆ. ತೋಳು ನೋಡಿದರು, ಟೋಪಿ ನೋಡಿದರು, ತೊಳೆದ ಯಂತ್ರ ನೋಡಿದರು. ಎಲ್ಲ ಸರಿ ಇತ್ತು. ನಾನು ಪೆನ್ನು ಮುಂದಿಟ್ಟೆ. ಸಹಿ ಬಿದ್ದರೆ ಲೈಸೆನ್ಸ್ ಬರುತ್ತದೆ, ಚಾಚಾ ಹೋಗುತ್ತಾರೆ. ಖುಷಿ ಪಡಬೇಕೋ ಅಳಬೇಕೋ ತಿಳಿಯದೆ ನಿಂತಿದ್ದೆ.

ಸಾಹೇಬರು ಗಡಿಯಾರ ನೋಡಿಕೊಂಡು ಪೆನ್ನು ಕೆಳಗಿಟ್ಟರು. "ಈಗ ಬ್ಯಾಡ್ರಿ. ರಾಹುಕಾಲ ಐತಿ. ಹನ್ನೆರಡು ದಾಟ್ಲಿ."

ಸಾಹೇಬರು ಕುಂತರು ಅಂತ ಎಲ್ಲರೂ ಕುಂತೆವು. ಕಲಸಿದ ಹಿಟ್ಟು ಒಣಗತೊಡಗಿತು, ಕಡಾಯಿ ಆರಿತು. ಅವರಿಗೆ ಚಹಾ ಬಂತು, ಆಮೇಲೆ ಶೇವು ಬಂತು. ದಿನಾ ಐದು ನಿಮಿಷ ತಡವಾದರೆ ಕೂಗಾಡುವ ಮಾಲಕರು, "ಸಾವಕಾಶ ಆಗ್ಲಿ ಬಿಡ್ರಿ" ಎನ್ನುತ್ತ ಕೈ ಕಟ್ಟಿ ನಿಂತಿದ್ದರು.

ಚಾಚಾ ಎದ್ದು ಬಂದರು. ಎರಡು ಟೋಪಿ, ಒಂದು ಜಾಳಿಗೆ, ಎಲ್ಲ ಹಾಗೇ ಇದ್ದವು. "ಸಾಹೇಬ್ರ, ಒಂದ್ ಮಾತು ಕೇಳ್ಲೇನ್ರಿ? ಈ ರಾಹುಕಾಲ ಯಾವ ನಿಯಮದಾಗ ಬರ್ತೈತಿ? ಅದರ ಬಾಜೂಕ ನನ್ನ ಜುಮ್ಮಾದ ಅರ್ಧ ತಾಸನ್ನೂ ಬರದುಬಿಡ್ರಿ."

ಮಾಲಕರು ತಗಡಿನ ಮೇಲ್ಛಾವಣಿ ನೋಡತೊಡಗಿದರು. ಸಾಹೇಬರ ಬಾಯೊಳಗಿನ ಶೇವು ಬಾಯೊಳಗೇ ಉಳಿಯಿತು.

"ಅದಕ್ಕ ನಮ್ಮದೇನೂ ಅಡ್ಡಿ ಇಲ್ರಿ ಚಾಚಾ. ಮಾಲಕರು ಕೊಡ್ಲಿ" ಎಂದರು ಸಾಹೇಬರು.

"ಬಾಯಿಲೆ ಬ್ಯಾಡ್ರಿ, ಅಡ್ಡಿ ಇಲ್ಲಂತ ಬರದು ಕೊಡ್ರಿ" ಎಂದಳು ಹಾನಗಲ್ಲಿನ ಅಕ್ಕ. ನಾನು ಪೆನ್ನು ಎತ್ತಿ ಮತ್ತೆ ಅವರ ಮುಂದೆ ಹಿಡಿದೆ.

ಸಾಹೇಬರು ಪೆನ್ನು ನೋಡಿದರು, ಗಡಿಯಾರ ನೋಡಿದರು, ಬೆವರು ಒರೆಸಿಕೊಂಡರು.

"ಬರೀತೇನ್ರೀ, ಖಂಡಿತ ಬರೀತೇನಿ. ಆದ್ರ ಈಗ ಬ್ಯಾಡ. ಹನ್ನೆರಡು ದಾಟ್ಲಿ!"