ಒಂದೇ ದಡದ ಹಡ್ಸನ್

ಹಡ್ಸನ್ ನದಿಗೆ ಇರುವುದು ಒಂದೇ ದಡ. ಈ ಸಂಗತಿಯನ್ನು ಮೆಟುಚೆನ್‌ನ ಪನ್ನೀರು ಕನ್ನಡ ಬಳಗದ ಕಾರ್ಯಕಾರಿ ಸಮಿತಿ ಸರ್ವಾನುಮತದಿಂದ ಅಂಗೀಕರಿಸಿ, ಉಪನಿಯಮ ಹದಿನಾಲ್ಕು ಎಂದು ನಮೂದಿಸಿದೆ. ದಡವೆಂದರೆ ಮ್ಯಾನ್‌ಹ್ಯಾಟನ್. ಎದುರಿಗಿರುವುದು ಬಳಗದವರ ಮನೆಗಳಿರುವ ನ್ಯೂಜೆರ್ಸಿ. ಅದು ಬೆಳಿಗ್ಗೆ ಕಸದ ಡಬ್ಬಿ ಹೊರಗಿಡುವಾಗಲೂ ಕಾಣುವಂಥದ್ದು; ಆದ್ದರಿಂದ ಅದನ್ನು ದೃಶ್ಯವೆಂದು ಪರಿಗಣಿಸತಕ್ಕದ್ದಲ್ಲ.

ಈ ನಿಯಮ ಬೇಕಾದದ್ದು ಬಳಗದ ಹಬೆ ಹಡಗಿನ ವಿಹಾರಕ್ಕೆ. ಹಡಗಿನ ಹೆಸರು 'ಓಲ್ಡ್ ಮೇರಿ'. ನೂರು ದಾಟಿದ ಮುದುಕಿ. ಆದರೂ ಕಲ್ಲಿದ್ದಲು ತಿಂದು, ಹಬೆ ಉಗುಳಿ, ಹಿಂದಿನ ಚಕ್ರದಿಂದ ನೀರು ಬಡಿಯುತ್ತಾ ಸೇತುವೆಯವರೆಗೆ ಹೋಗಿ ಬರುತ್ತಿದ್ದಳು. ಅವಳ ನೆತ್ತಿಯ ಮೇಲೆ ಹಿತ್ತಾಳೆಯ ಸೀಟಿ, ಸೀಟಿಗೊಂದು ಹಗ್ಗ. ಮನ್ರೋ ಊರಿನ ಪುಟ್ಟಸ್ವಾಮಿಗಳ ಕಣ್ಣು ಬಿದ್ದಿದ್ದು ಆ ಹಗ್ಗದ ಮೇಲೆ.

ಮಗಳ ಮನೆಯಲ್ಲಿರುವ ಪುಟ್ಟಸ್ವಾಮಿ ಶಾಲೆಯ ಮುಖ ಕಂಡವರಲ್ಲ. ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಾಯ್ಲರ್ ಕಾದವರು, ಪಾಳಿ ಬದಲಾಗುವಾಗ ಸೀಟಿ ಎಳೆದವರು. ಒಂದು ಸಲ ಅವರು ಎಳೆದ ಸೀಟಿಗೆ ಮೂರು ಹಳ್ಳಿಯಲ್ಲಿ ಹೆಪ್ಪು ಹಾಕದೆಯೇ ಹಾಲು ಮೊಸರಾಗಿತ್ತು. ಇದನ್ನು ಅವರು ದಿನಾ ಬೆಳಿಗ್ಗೆ ಬಡಾವಣೆಯ ಕ್ಲಬ್‌ಹೌಸ್ ಮುಂದಿನ ಬೆಂಚಿನ ಮೇಲೆ ಹೇಳುತ್ತಿದ್ದರು. ಆ ಬೆಂಚಿನ ಒಂದು ತುದಿಗೆ ಮೇಪಲ್ ಮರದ ನೆರಳು, ಇನ್ನೊಂದಕ್ಕೆ ಸುಡು ಬಿಸಿಲು. ನೆರಳಿನ ತುದಿ ಕೃಷ್ಣಸ್ವಾಮಿಗಳ ವಶದಲ್ಲಿತ್ತು. ಅವರು ಕಂದಾಯ ಇಲಾಖೆಯ ನಿವೃತ್ತ ಗುಮಾಸ್ತರು. ಸೂರ್ಯ ಹುಟ್ಟಿದನೆಂದು ಲಿಖಿತದಲ್ಲಿ ಬಂದರೆ ಮಾತ್ರ ಒಪ್ಪುವವರು.

"ಬಾಯಲ್ಲೇ ಬಾಯ್ಲರ್ ಉರಿಸ್ತೀಯಲ್ಲಯ್ಯ ಪುಟ್ಟಸ್ವಾಮಿ," ಅಂದರು ಕೃಷ್ಣಸ್ವಾಮಿ. "ಆ ಹಡಗಿನ ಸೀಟಿ ಎಳೆದು ತೋರಿಸು. ಎಳೆದೋರಿಗೆ ನೆರಳಿನ ತುದಿ, ಸಾಯೋವರೆಗೂ."

"ಯಾರು ಸಾಯೋವರೆಗೂ?"

"ಯಾರು ಮೊದಲೋ ಅವರು."

ಜೂನ್ ತಿಂಗಳ ಒಂದು ಶನಿವಾರ ಹಡಗು ಹತ್ತಿದ ಕೂಡಲೆ ಪುಟ್ಟಸ್ವಾಮಿ ಕ್ಯಾಪ್ಟನ್ ಟೋನಿಯನ್ನು ಹಿಡಿದು, ಗಾಳಿಯಲ್ಲಿ ಹಗ್ಗ ಎಳೆದು ತೋರಿಸಿ, "ಐ, ಶುಗರ್, ಬಾಯ್ಲರ್, ಥರ್ಟಿ ವನ್" ಅಂದರು. ಟೋನಿಗೆ ಪೂರ್ತಿ ಅರ್ಥವಾಯಿತು. "ಶೂರ್, ಬಾಸ್. ಕಮ್ ಅಪ್. ಯು ಪುಲ್ ಇಟ್." ವ್ಯವಹಾರ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಡಗಿನಲ್ಲಿ ಸಮಿತಿ ಇತ್ತು.

ಉಪನಿಯಮದ ಪ್ರಕಾರ, ದೊಡ್ಡ ದೇಣಿಗೆ ಕೊಟ್ಟ ಪ್ಲಾಟಿನಂ ಪೋಷಕರೆಲ್ಲ ಬಲಗಡೆ, ಅಂದರೆ ದಡದ ಕಡೆ, ರೇಷ್ಮೆ ಉಟ್ಟು ಕೂತರು. ಬೇರೆಯವರಿಗೆ ಎಡಗಡೆ ನಾಲ್ಕು ಬೆಂಚು, ಬೆನ್ನಿಗೆ ಮ್ಯಾನ್‌ಹ್ಯಾಟನ್. ಪೋಷಕರು ಕೂತದ್ದೇ ತಡ, ಓಲ್ಡ್ ಮೇರಿ ಸೊಂಟ ಉಳುಕಿದವಳ ಹಾಗೆ ಬಲಕ್ಕೆ ವಾಲಿದಳು. ಟೋನಿ, ಹೀಗೆ ವಾಲಿಕೊಂಡು ಹೊರಡೋದಿಲ್ಲ ಎಂದ.

ಸುರಕ್ಷತೆಯ ಹೊಣೆ ಹೊತ್ತಿದ್ದ ಮುದಸ್ಸಿರ್ ಸೇತುವೆ ಕಟ್ಟುವ ಇಂಜಿನಿಯರ್. "ಸರ್, ಎರಡೂ ಕಡೆ ಹಂಚಿ ಕೂರಿಸಿದ್ರೆ ಆಯ್ತಲ್ಲ?" ಎಂದು ಬಾಯಿಬಿಟ್ಟರು.

"ಮುದಸ್ಸಿರ್, ದಿಸ್ ಈಸ್ ನಾಟ್ ಎ ಬ್ಯಾಲೆನ್ಸ್ ಇಶ್ಯೂ," ಎಂದರು ಅಧ್ಯಕ್ಷ ಶಿವಪ್ರಸಾದ್. ಪಾರ್ಸಿಪನಿಯಲ್ಲಿ ಕನ್ಸಲ್ಟೆನ್ಸಿ ಇಟ್ಟವರು, ತಲೆಗೆ ಮೈಸೂರು ಪೇಟ ಇಟ್ಟವರು. "ಇದು ಗೌರವದ ಪ್ರಶ್ನೆ. ಪೋಷಕರನ್ನು ನ್ಯೂಜೆರ್ಸಿ ಕಡೆ ಮುಖ ಮಾಡಿಸಿದ್ರೆ ಅವರು ಮುಂದಿನ ವರ್ಷ ಬರ್ತಾರಾ?"

ಹತ್ತು ನಿಮಿಷದಲ್ಲಿ ಮೈಕಿನಲ್ಲಿ ಪ್ರಕಟಣೆ ಬಂತು:

"ಸಾಮಾನ್ಯ ಸದಸ್ಯರನ್ನು ಈ ಕ್ಷಣದಿಂದ ಸಮತೋಲನ ಸದಸ್ಯರು ಎಂದು ಕರೆಯಲಾಗುವುದು. ಅವರು ಊಟಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ತೂಕ ನೀಡತಕ್ಕದ್ದು. ಮಹಿಳೆಯರು ತೂಕ ಇಳಿಸಿ ಹೇಳುವುದರಿಂದ ಹಡಗಿಗೆ ಒದಗುವ ಅನಾಹುತಕ್ಕೆ ಸಮಿತಿ ಹೊಣೆಯಲ್ಲ. ವಿಹಾರ ಮುಗಿಯುವ ತನಕ ಯಾವ ತೂಕವೂ ಎದ್ದು ಓಡಾಡಕೂಡದು."

ಹಡಗಿನ ಸರಕು ತೂಗುವ ತಕ್ಕಡಿಯ ಮುಂದೆ ಸಾಲು ನಿಂತಿತು. ಯಾರೂ ಏಕೆಂದು ಕೇಳಲಿಲ್ಲ. ಎಷ್ಟು ಬಂತೆಂದು ಕೇಳಿದರು. ಪುಟ್ಟಸ್ವಾಮಿ ಇನ್ನೂರ ಏಳು ಪೌಂಡು ತೂಗಿ ಇಡೀ ಬಳಗಕ್ಕೆ ಮೊದಲಿಗರಾದರು.

"ಮೂವತ್ತೊಂದು ವರ್ಷ ದುಡಿದಾಗ ಬರದ ಫಸ್ಟ್ ಪ್ರೈಜು, ಮುದ್ದೆ ತಂದುಕೊಡ್ತು ನೋಡಿ," ಅಂದರು ಹೆಂಡತಿ ಕೆಂಪಮ್ಮ.

ಅವರನ್ನು ಎಡ ಅಂಚಿನ ತುತ್ತತುದಿಗೆ ಕೂರಿಸಿದರು. ಹಡಗು ನೆಟ್ಟಗಾಯಿತು, ಹೊರಟಿತು. ಒಂದು ಮೈಲಿ ಹೋದ ಮೇಲೆ ಪುಟ್ಟಸ್ವಾಮಿ ಪಂಚೆ ಸರಿಮಾಡಿಕೊಂಡು ಸೀಟಿಯ ಕಡೆ ಎರಡು ಹೆಜ್ಜೆ ಇಟ್ಟರು. ಓಲ್ಡ್ ಮೇರಿ ವಾಲಿದಳು. ಬಲಗಡೆ ಹನ್ನೆರಡು ಎಲೆಯ ಸಾರು ಒಟ್ಟಿಗೇ ಹರಿದು ಹನ್ನೆರಡು ರೇಷ್ಮೆ ಮಡಿಲು ಸೇರಿತು.

"ತೂಕ ಎದ್ದಿದೆ! ತೂಕ ಎದ್ದಿದೆ!" ಎಂದು ಪೋಷಕರು ಕೂಗಿಕೊಂಡರು.

"ಅಂಕಲ್, ಪ್ಲೀಸ್," ಎಂದು ಶಿವಪ್ರಸಾದ್ ಓಡಿಬಂದರು. "ನೀವು ಎಷ್ಟು ಇಂಪಾರ್ಟೆಂಟ್ ಅಂತ ಗೊತ್ತಾ? ನೀವು ಕೂತಿರೋದ್ರಿಂದಲೇ ಬಳಗ ತೇಲ್ತಾ ಇರೋದು."

"ಒಂದೇ ಒಂದು ಸಲ ಸೀಟಿ ಎಳೆದು ಬಂದುಬಿಡ್ತೀನಿ ಸ್ವಾಮಿ."

"ಅರ್ಜಿ ಕೊಡಿ. ಪರಿಶೀಲಿಸೋಣ."

ಪುಟ್ಟಸ್ವಾಮಿ ಕೂತರು. ಕಾಲಡಿ ಬಾಯ್ಲರ್ ಗುಡುಗುಡು ಅನ್ನುತ್ತಿತ್ತು. ಟೋನಿ ಸೀಟಿ ಎಳೆದಾಗೆಲ್ಲ ಅವರ ಬಲಗೈ ತಾನಾಗಿ ಮೇಲೆದ್ದು, ಏನೂ ಸಿಗದೆ ಮಡಿಲಿಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಕೃಷ್ಣಸ್ವಾಮಿ, "ನೆರಳು ತಂಪಾಗಿರತ್ತಯ್ಯ ಮನ್ರೋದಲ್ಲಿ," ಎಂದು ನ್ಯೂಜೆರ್ಸಿ ನೋಡುತ್ತಾ ಹೇಳಿದರು.

ಸೇತುವೆ ಬಂತು. ಹಡಗು ತಿರುಗಬೇಕು. ಆಗ ಸಮಿತಿಗೆ ಹೊಳೆಯಿತು: ಹಡಗು ತಿರುಗಿದರೆ ಬಲಗಡೆ ನ್ಯೂಜೆರ್ಸಿ ಬರುತ್ತದೆ, ಪ್ಲಾಟಿನಂ ಪೋಷಕರು ದಡವಿಲ್ಲದ ಕಡೆ ನೋಡಬೇಕಾಗುತ್ತದೆ, ಪುಕ್ಕಟೆ ಬೆಂಚಿನವರಿಗೆ ಮ್ಯಾನ್‌ಹ್ಯಾಟನ್ ಸಿಕ್ಕಿಬಿಡುತ್ತದೆ. ಎಲ್ಲರೂ ಎದ್ದು ಜಾಗ ಬದಲಿಸೋಣವೆಂದರೆ ಆಸನ ಪಟ್ಟಿ ತಿದ್ದಲು ಮಹಾಸಭೆ ಕರೆಯಬೇಕು, ಮಹಾಸಭೆಗೆ ಇಪ್ಪತ್ತೊಂದು ದಿನದ ನೋಟಿಸು ಕೊಡಬೇಕು. ಅಷ್ಟು ದಿನಕ್ಕೆ ಇಡ್ಲಿ ಸಾಲದು.

"ಕ್ಯಾಪ್ಟನ್, ಡೋಂಟ್ ಟರ್ನ್," ಎಂದರು ಶಿವಪ್ರಸಾದ್.

"ಸರ್, ದಿ ಪಿಯರ್ ಈಸ್ ಬಿಹೈಂಡ್ ಅಸ್."

"ದೆನ್ ಗೋ ಬಿಹೈಂಡ್."

ಟೋನಿ ಇವರ ಮುಖ ನೋಡಿದ, ಪೇಟ ನೋಡಿದ, ಹಡಗನ್ನು ರಿವರ್ಸಿಗೆ ಹಾಕಿದ. ಹಿಂದಕ್ಕೆ ಹೋಗುವ ಹಡಗು ಮೂರು ಸಲ ಚಿಕ್ಕದಾಗಿ ಕೂಗಬೇಕೆನ್ನುವುದು ನದಿಯ ಕಾನೂನು. ಇಡೀ ದಾರಿ ಹಿಂದಕ್ಕೇ ಹೋಗುವ ಹಡಗನ್ನು ಕಾನೂನು ಬರೆದವರು ಕನಸಿನಲ್ಲೂ ಕಂಡಿರಲಿಲ್ಲ. ನಿಮಿಷಕ್ಕೆ ಮೂರರಂತೆ ದಾರಿಯುದ್ದಕ್ಕೂ ಕೂಗೋಣ ಎಂದ ಟೋನಿ. ಆದರೆ ಕತ್ತು ಹಿಂದಕ್ಕೆ ತಿರುಚಿ, ಎರಡೂ ಕೈಯಲ್ಲಿ ಚುಕ್ಕಾಣಿ ಹಿಡಿದವನಿಗೆ ಹಗ್ಗ ಎಳೆಯಲು ಮೂರನೆಯ ಕೈ ಇರಲಿಲ್ಲ.

ಸಮಿತಿ ಪೋಷಕರನ್ನು ಕೇಳಿತು. ಹಗ್ಗ ಎಣ್ಣೆ ಜಿಡ್ಡು, ರೇಷ್ಮೆಗೆ ಆಗದು. ಎಡ ಅಂಚಿನಿಂದ ಇನ್ನೂರ ಏಳು ಪೌಂಡಿನ ಕೈಯೊಂದು ಮೇಲೆದ್ದಿತು.

"ಅವರು ಎದ್ದರೆ ವಾಲತ್ತೆ," ಎಂದರು ಮುದಸ್ಸಿರ್. ಆ ವೇಳೆಗೆ ಅವರೂ ಸುಧಾರಿಸಿದ್ದರು. "ಸಮ ತೂಕ ಇಡಬೇಕು."

ಆ ಜಾಗಕ್ಕೆ ಕೃಷ್ಣಸ್ವಾಮಿ, ನೂರಾ ಮೂವತ್ತೆರಡು ಪೌಂಡು. ಉಳಿದ ಎಪ್ಪತ್ತೈದಕ್ಕೆ ಸನ್ಮಾನದ ಹಣ್ಣಿನ ಬುಟ್ಟಿಗಳು. ಕೃಷ್ಣಸ್ವಾಮಿಗಳನ್ನು ತುದಿಗೆ ಎಳೆದು, ಮಡಿಲು, ಭುಜ, ಎದೆಗೆ ಅನಾನಸು ಪೇರಿಸಿದರು. "ನನಗೇನೂ ಕಾಣಿಸ್ತಾ ಇಲ್ಲ!" ಎಂದು ಹಣ್ಣುಗಳ ಒಳಗಿಂದ ದನಿ ಬಂತು. "ತೂಕಕ್ಕೆ ಕಣ್ಣು ಬೇಕಿಲ್ಲ ಅಂಕಲ್," ಎಂದು ಸಮಿತಿ ಸಮಾಧಾನ ಹೇಳಿತು.

ಪುಟ್ಟಸ್ವಾಮಿ ಮೇಲೆ ಹತ್ತಿದರು. ಹಗ್ಗಕ್ಕೆ ಕೈಮುಗಿದರು. ಎಳೆದರು. ಆ ಕೂಗಿಗೆ ಮ್ಯಾನ್‌ಹ್ಯಾಟನ್‌ನ ಪಾರಿವಾಳಗಳು ನ್ಯೂಜೆರ್ಸಿಗೆ ವಲಸೆ ಬಂದವು, ಎದುರು ಬರುತ್ತಿದ್ದ ಮೂರು ಫೆರಿಗಳು ದಡಕ್ಕೆ ಅಂಟಿ ನಿಂತವು, ಅಡುಗೆಯವರ ಪಾತ್ರೆಯಲ್ಲಿದ್ದ ಹಾಲು ಕೂಡಲೆ ಮೊಸರಾಯಿತು. ತೊಂಬತ್ತು ನಿಮಿಷ, ಇನ್ನೂರ ಎಪ್ಪತ್ತು ಸಲ. ಅಂಗೈ ಚರ್ಮ ಸುಲಿದರೂ ಬಿಡಲಿಲ್ಲ. "ಬಾಸ್, ಯು ಆರ್ ದಿ ಬೆಸ್ಟ್ ಐ ಎವರ್ ಸಾ," ಎಂದ ಟೋನಿ, ಹಿಂದಕ್ಕೆ ತಿರುಗಿದ ಕತ್ತಿನಲ್ಲೇ. ಅಂದರೆ ಅವನೂ ನೋಡಿರಲಿಲ್ಲ.

ಇಳಿಯುವ ಮುಂಚೆ ಕಾರ್ಯದರ್ಶಿ ನಡಾವಳಿ ಓದಿದರು: "ಹಡಗಿನಲ್ಲಿ ನಡೆದ ಸಕಲ ಕಾರ್ಯಗಳೂ ಉಪನಿಯಮ ಎರಡರ ಪ್ರಕಾರ ಅಧ್ಯಕ್ಷರಿಂದಲೇ ನಡೆದವೆಂದು ಭಾವಿಸತಕ್ಕದ್ದು. ಅದರಂತೆ ಅಧ್ಯಕ್ಷರು ಇನ್ನೂರ ಎಪ್ಪತ್ತು ಬಾರಿ ಸೀಟಿ ಎಳೆದು ಬಳಗವನ್ನು ದಡ ಸೇರಿಸಿದರು." ಚಪ್ಪಾಳೆಯಾಯಿತು. ಶಿವಪ್ರಸಾದ್ ತಮ್ಮ ಶುಭ್ರವಾದ ಅಂಗೈ ಎತ್ತಿ ವಂದಿಸಿದರು. ಪುಟ್ಟಸ್ವಾಮಿಗಳಿಗೂ ಒಂದು ಪ್ರಶಸ್ತಿಪತ್ರ ಸಿಕ್ಕಿತು. ಅದನ್ನು ನಾಲ್ಕನೇ ಕ್ಲಾಸು ಓದಿದ ಕೆಂಪಮ್ಮ ಅಕ್ಷರ ಕೂಡಿಸಿ ಓದಿದರು: "ವಿಹಾರದುದ್ದಕ್ಕೂ ಕೂತಲ್ಲಿಂದ ಕದಲದೆ... ಸೇವೆ ಸಲ್ಲಿಸಿದ್ದಕ್ಕಾಗಿ."

ಸೋಮವಾರ ಬೆಳಿಗ್ಗೆ ಪುಟ್ಟಸ್ವಾಮಿ ಬ್ಯಾಂಡೇಜು ಕಟ್ಟಿದ ಕೈ ಚಾಚಿ, "ಏಳಿ, ನೆರಳು ಬಿಡಿ" ಅಂದರು.

"ನಾನು ಕಣ್ಣಾರೆ ಕಂಡಿಲ್ಲ," ಅಂದರು ಕೃಷ್ಣಸ್ವಾಮಿ, ನಡಾವಳಿಯ ಪ್ರತಿ ಬಿಚ್ಚಿ. "ದಾಖಲೆಯಲ್ಲಿ ಅಧ್ಯಕ್ಷರು ಎಳೆದರು ಅಂತಿದೆ. ನಿನಗೆ ಹೇಗಯ್ಯ ಕೊಡ್ಲಿ?"

"ಹಂಗಾದ್ರೆ ನೀವು ಹೇಗೆ ಕೂರ್ತೀರಿ? ಸೀಟಿ ಎಳೆದೋರಿಗೆ ಬಿಡ್ತೀನಿ ಅಂದಿದ್ರಲ್ಲ?"

ಕೃಷ್ಣಸ್ವಾಮಿ ಯೋಚಿಸಿದರು. ಮೂವತ್ತು ವರ್ಷ ಕಡತ ನೋಡಿದ ಮನುಷ್ಯ, ನ್ಯಾಯ ನ್ಯಾಯವೇ. ಎದ್ದು ಬಿಸಿಲಿಗೆ ಬಂದರು.

ಈಗ ನೆರಳಿನ ತುದಿ ಅಧ್ಯಕ್ಷರದು. ಅವರು ಮನ್ರೋಗೆ ಬಂದವರಲ್ಲ, ಬರುವವರೂ ಅಲ್ಲ. ಆದರೂ ಅಲ್ಲಿ ಯಾರೂ ಕೂರುವುದಿಲ್ಲ. ಉದುರಿದ ಎಲೆಯನ್ನು ಮಾತ್ರ ಪುಟ್ಟಸ್ವಾಮಿ ದಿನಾ ಗುಡಿಸುತ್ತಾರೆ. ಇಬ್ಬರೂ ಬಿಸಿಲಿನ ತುದಿಯಲ್ಲಿ ಒತ್ತೊತ್ತಾಗಿ ಕೂತು ಬೆವರು ಒರೆಸಿಕೊಳ್ಳುತ್ತಾರೆ. ಅಲ್ಲಿ ಹಾದುಹೋಗುವವರು ಯಾಕೆಂದು ಕೇಳಿದರೆ ಪುಟ್ಟಸ್ವಾಮಿ ಹೇಳುತ್ತಾರೆ:

"ಬೆಂಚು ವಾಲಬಾರದು ನೋಡಿ."